ಎಂಟು ಪದರದ ಟವೆಲು

ಕೋಡಿಹಳ್ಳಿ ಬೋರಲಿಂಗಯ್ಯನವರ ಮಗಳು, ಒಂದು ತಿಂಗಳು ದಿನಾ ನನ್ನ ಕೈ ಹಿಡಿದು ಕೂತಿದ್ದ ನಯನಾಗೆ,

ಮಗಾ, ಇದನ್ನ ಪೂರ್ತಿ ಓದ್ತೀಯೋ, ಅರ್ಧಕ್ಕೆ ಹರಿದು ಒಲೆಗೆ ಹಾಕ್ತೀಯೋ ನಿನ್ನಿಷ್ಟ. ಅದಕ್ಕೇ ಹೇಳಬೇಕಾದ್ದನ್ನ ಮೊದಲೇ ಹೇಳಿಬಿಡ್ತೀನಿ. ಆವತ್ತು ನೀನು ಕೈಗೆ ಶಾಖ ಕೊಡೋ ಹಾಟ್ ಪ್ಯಾಕಿಗೆ ಟವೆಲ್ ಸುತ್ತಿದ್ದೆ. ಎಂಟು ಪದರ ಸುತ್ತಿದ್ದೆ. ನೀನು ಮರೆತಿರಲಿಲ್ಲ. ತೆಗೆದವಳು ನಾನು. ಯಾರೂ ನೋಡದಾಗ, ನನ್ನ ಎಡಗೈಯಲ್ಲಿ, ಬೇಕು ಅಂತಲೇ ತೆಗೆದೆ.

ಉಸ್ಸಪ್ಪಾ. ಇಷ್ಟು ನಾಲ್ಕು ಸಾಲು ಬರೆಯೋಕೆ ನನಗೆ ಎಂಟು ತಿಂಗಳು ಹಿಡೀತು ನೋಡು. ಎಡಗೈಯಲ್ಲಿ ಬರೀತಿದ್ದೀನಿ, ಅಕ್ಷರ ಎಲ್ಲ ಕಾಗೆ ಕಾಲು ಗುಬ್ಬಿ ಕಾಲು. ದಿನಕ್ಕೆ ಅರ್ಧ ಪುಟಕ್ಕೇ ಭುಜ ಸೋತು ಹೋಗುತ್ತೆ. ಒಂದು ದಿನ ಬರೆದದ್ದನ್ನ ಮಾರನೇ ದಿನ ಓದಿದರೆ ನನಗೇ ಅಸಹ್ಯ ಆಗುತ್ತೆ, ಆದರೂ ಹರೀದೆ ಮುಂದಕ್ಕೆ ಬರೀತಿದ್ದೀನಿ. ಹರಿದರೆ ಮತ್ತೆ ಬರೆಯೋಳಲ್ಲ ಅಂತ ನನಗೆ ಗೊತ್ತು.

ನಿನಗೆ ನನ್ನ ಕೈಯೊಂದೇ ಗೊತ್ತು, ಆ ಕೈ ಏನು ಮಾಡ್ತಿತ್ತು ಅಂತ ನಾನು ಸರಿಯಾಗಿ ಹೇಳಲೇ ಇಲ್ಲ. ಕನಕಪುರದ ಶುಕೂರ್ ಸಾಬ್ರ ರೀಲಿಂಗ್ ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷ ರೇಷ್ಮೆ ಗೂಡಿನಿಂದ ನೂಲು ತೆಗೆದವಳು ನಾನು. ನನ್ನೆಜಮಾನ್ರು ತೀರ್ಕೊಂಡ ವರ್ಷ ಸೇರಿದೆ. ಗೂಡನ್ನ ಬೇಯಿಸಿ ಬಿಸಿನೀರಿನ ಬೇಸಿನ್ನಿಗೆ ಬಿಡ್ತಾರೆ. ಅದರೊಳಗೆ ಬೆರಳಾಡಿಸಿ ಎಳೆ ಹುಡುಕಬೇಕು, ಒಂಬತ್ತು ಗೂಡಿನ ಎಳೆ ಸೇರಿಸಿ ಒಂದು ನೂಲು ಮಾಡಬೇಕು. ಎಳೆ ಕಿತ್ತುಹೋದ ಕೂಡಲೇ ಹೊಸ ಗೂಡಿನ ಎಳೆ ಎಸೆದು ಅಂಟಿಸಬೇಕು. ಸೇರಿದ ಹೊಸದರಲ್ಲಿ ಹುಡುಗೀರು ಕೈ ಉರಿ ಉರಿ ಅಂತ ಅಳ್ತಾರೆ. ಆಮೇಲೆ ಚರ್ಮ ಸುಲಿಯುತ್ತೆ, ಮತ್ತೆ ಬರುತ್ತೆ, ಮತ್ತೆ ಸುಲಿಯುತ್ತೆ. ಒಂದೆರಡು ವರ್ಷ ಕಳೆದರೆ ಬಿಸಿ ಅನ್ನೋದೇ ತಿಳಿಯಲ್ಲ. ನಮಗೆ ಅದೊಂದು ಜಂಬ ಕಣವ್ವ. ಹೊಸ ಹುಡುಗೀರ ಮುಂದೆ ಹೊಗೆಯಾಡೋ ನೀರಿಗೆ ಬೆರಳು ಅದ್ದಿ, 'ನೋಡ್ರೇ, ನಂಗೇನಾರ ಆಯ್ತಾ' ಅಂತ ನಗಾಡ್ತಿದ್ದವಳು ನಾನು. ಕೈ ಹೇಳದೇ ಇದ್ದದ್ದನ್ನ ಕಿವಿ ಹೇಳ್ತಿತ್ತು. ನೀರಿನ ಸದ್ದು ಕೇಳಿಯೇ ಅದು ಎಷ್ಟು ಕಾದಿದೆ ಅಂತ ಹೇಳ್ತಿದ್ದೆವು.

ಸಂಕ್ರಾಂತಿ ಕಳೆದ ವಾರ ಶೆಡ್ಡಿನ ಒದ್ದೆ ನೆಲದಲ್ಲಿ ಜಾರಿ ಬಿದ್ದೆ. ಕೈ ಊರಿದ್ದೇ ತಪ್ಪಾಯ್ತು, ಬಲಗೈ ಮಣಿಕಟ್ಟು ಮುರೀತು. ಆರು ವಾರ ಪಟ್ಟಿ. ಪಟ್ಟಿ ಬಿಚ್ಚಿದಾಗ ಬೆರಳು ಮಡಚೋಕೇ ಬರಲಿಲ್ಲ. ಅದನ್ನ ಎಲ್ಲರೂ ನೋಡಿದರು. ಯಾರೂ ನೋಡದ್ದು ಇನ್ನೊಂದಿತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಜೋಮು ಹಿಡಿದಿದ್ದವು. ಸೂಜಿ ಚುಚ್ಚಿ ನೋಡ್ಕೊಂಡೆ, ರಕ್ತ ಬಂತೇ ಹೊರತು ನೋವು ಬರಲಿಲ್ಲ. ಅದನ್ನ ನಾನು ಯಾರಿಗೂ ಹೇಳಲಿಲ್ಲ. ನಮ್ಮ ಶೆಡ್ಡಿನ ಚಿನ್ನಮ್ಮ ಹೀಗೇ ಜೋಮು ಅಂತ ಡಾಕ್ಟ್ರ ಹತ್ರ ಬಾಯಿ ಬಿಟ್ಟಳು. ನರದ ಆಪರೇಷನ್ನು ಅಂತ ಬೆಂಗಳೂರಿಗೆ ಕಳಿಸಿದರು, ವಾಪಸ್ ಬರೋ ಹೊತ್ತಿಗೆ ಅವಳ ಬೇಸಿನ್ನಿನಲ್ಲಿ ಬೇರೆಯವಳು ಕೂತಿದ್ದಳು. ನನಗೆ ಆ ಬೇಸಿನ್ನು ಬಿಟ್ಟರೆ ಇನ್ನೇನಿತ್ತು ಹೇಳು.

ಶುಕೂರ್ ಸಾಬ್ರು ಒಳ್ಳೇ ಮನುಷ್ಯ. ಮನೆಗೆ ಬಂದು, 'ಯುಗಾದಿ ಕಳೀಲಿ ರತ್ನಮ್ಮ, ಆದ ಸೋಮ್ವಾರ ಬಂದ್ಬುಡು. ಅಲ್ಲೀಗಂಟ ನಿನ್ ಬೇಸಿನ್ ಯಾರ್ಗೂ ಕೊಡಾಕಿಲ್ಲ' ಅಂದರು. ನಾನು ಆ ಸೋಮವಾರವನ್ನ ಗಟ್ಟಿಯಾಗಿ ಹಿಡ್ಕೊಂಡುಬಿಟ್ಟೆ. ಹಾಗೆ, ಬೆರಳು ಮಡಚೋ ಹಾಗಾಗಲಿ ಅಂತ ನಿಮ್ಮ ಫಿಸಿಯೋ ಕ್ಲಿನಿಕ್ಕಿಗೆ ಬಂದೆ.

ಮೊದಲ ದಿನ ನೀನು ಎರಡು ಗಾಜಿನ ಕೊಳವೆ ತಂದೆ. ಒಂದನ್ನ ಫ್ಲಾಸ್ಕಿನ ಬಿಸಿನೀರಿನಲ್ಲಿ ಅದ್ದೋದು, ಇನ್ನೊಂದನ್ನ ಐಸ್ ಹಾಕಿದ ಲೋಟದಲ್ಲಿ. 'ಕಣ್ಣು ಮುಚ್ಕೊಳ್ಳಿ ಅಮ್ಮ, ಬೆರಳಿಗೆ ಮುಟ್ಟಿಸ್ತೀನಿ, ಬಿಸಿನಾ ತಣ್ಣಗಾ ಹೇಳಿ. ಇದು ಸರಿ ಇದ್ರೇನೇ ಬಿಸಿ ಇಡೋಕಾಗೋದು' ಅಂದೆ. ನಾನು ಕಣ್ಣು ಮುಚ್ಚಿದೆ. ಮೋಸ ಮಾಡಲಿಲ್ಲ ಕಣ್ಣಲ್ಲಿ, ಗಟ್ಟಿಯಾಗಿಯೇ ಮುಚ್ಚಿದ್ದೆ. ಫ್ಲಾಸ್ಕಿನ ಮುಚ್ಚಳ ಟಕ್ ಅಂದರೆ 'ಬಿಸಿ' ಅಂದೆ. ಐಸು ಲೋಟಕ್ಕೆ ತಾಕಿ ಸದ್ದಾದರೆ 'ತಣ್ಣಗೈತೆ' ಅಂದೆ. ಬೆರಳಿಗೆ ನೀನು ಮುಟ್ಟಿಸಿದ್ದೇ ನನಗೆ ತಿಳೀಲಿಲ್ಲ. ಇಪ್ಪತ್ತಾರು ವರ್ಷ ಕಿವಿಯಲ್ಲಿ ಬಿಸಿ ನೋಡಿದವಳಿಗೆ ಇದೇನು ಮಹಾ. 'ಹತ್ತಕ್ಕೆ ಹತ್ತು ಅಮ್ಮ!' ಅಂತ ನೀನು ನನಗಿಂತ ಹೆಚ್ಚು ಖುಷಿಪಟ್ಟು ರಿಜಿಸ್ಟರಿನಲ್ಲಿ ಬರ್ಕೊಂಡೆ. ನಾನು ಪರೀಕ್ಷೆ ಪಾಸಾದ ಹಾಗೆ ಹಲ್ಲು ಕಿರಿದೆ. ಥೂ ನನ್ನ ಬುದ್ಧಿಗೆ.

ನಿನ್ನ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂರೋದು ಒಂದು ತಮಾಷೆಯಾಗಿತ್ತು. ಮಾಗಡಿ ರೂಟಿನ ಬಸ್ ಡ್ರೈವರ್ ಸಾಬೀರ್ ಬರ್ತಿದ್ದ, ಕತ್ತು ಎಳೆಯೋ ಮಿಷನ್ನಿಗೆ ಗದ್ದ ಕಟ್ಟಿಸ್ಕೊಂಡು ಕೂತರೂ ಮಾತು ನಿಲ್ಲಿಸ್ತಿರಲಿಲ್ಲ. ಮಂಡಿ ನೋವಿನ ಹೆಂಗಸರೆಲ್ಲ 'ಕರೆಂಟು ಒಸಿ ಜಾಸ್ತಿ ಇಡವ್ವ, ನೆನ್ನೆ ಮೈಗೇ ಹತ್ಲಿಲ್ಲ' ಅಂತ ಜಗಳ ಆಡೋರು. ತಣ್ಣನೆ ಜೆಲ್ಲು ಹಚ್ಚಿ ಮೈಕಿನಂಥದ್ದನ್ನ ಉಜ್ಜಿದರೆ 'ಇದೇನು ಸುಮ್ಕೆ ಸವರ್ತೀಯ, ಜುಮ್ಮನ್ನಲ್ವಲ್ಲ' ಅನ್ನೋರು. ನೀನು ಎಲ್ಲರಿಗೂ ಒಂದೇ ಮಾತು ಹೇಳ್ತಿದ್ದೆ: 'ಬಿಸಿ, ಕರೆಂಟು ಎಲ್ಲ ನೋವು ಕಮ್ಮಿಯಾಗಿ ಮೈ ಸಡಿಲ ಆಗಲಿ ಅಂತ ಅಷ್ಟೇ. ಗುಣ ಮಾಡೋದು ವ್ಯಾಯಾಮ.' ನಾವು ಹೂಂ ಅಂತಿದ್ದೆವು. ಒಬ್ಬರೂ ನಂಬ್ತಿರಲಿಲ್ಲ. ಮಿಷನ್ನಿನಲ್ಲಿರೋದು ಔಷಧಿ, ಅದು ಜಾಸ್ತಿ ಆದಷ್ಟೂ ಬೇಗ ಗುಣ ಅಂತಲೇ ನಮ್ಮೆಲ್ಲರ ಲೆಕ್ಕ.

ನನಗೆ ಮೇಣದ ಸ್ನಾನ ಕೊಡ್ತಿದ್ದೆ. ಕರಗಿದ ಮೇಣದಲ್ಲಿ ಕೈ ಅದ್ದಿ ತೆಗೆದು, ಮತ್ತೆ ಅದ್ದಿ, ಬಿಳೀ ಗವಸಿನ ಹಾಗೆ ಕೂತ ಮೇಲೆ ಪ್ಲಾಸ್ಟಿಕ್ ಸುತ್ತಿ ಇಡ್ತಿದ್ದೆ. ಅದರ ಬಿಸಿಯನ್ನ ಪ್ರತಿ ಸಲ ನಿನ್ನ ಕೈಮೇಲೆ ಮೊದಲು ನೋಡ್ಕೊಳ್ತಿದ್ದೆ. ಆಮೇಲೆ ಮೇಣ ಸುಲಿದು, ನನ್ನ ಎದುರಿಗೆ ಸ್ಟೂಲು ಹಾಕ್ಕೊಂಡು ಕೂತು, ಒಂದೊಂದೇ ಬೆರಳನ್ನ ಹಿಡಿದು ಮಡಚಿ ಬಿಡಿಸಿ ಮಾಡ್ತಿದ್ದೆ. ಇಪ್ಪತ್ತು ನಿಮಿಷ. ನಿಮ್ಮೂರಿನ ಬಸ್ಸಿನ ಕಥೆ, ನಿಮ್ಮಮ್ಮ ಇಲ್ಲದ ಮನೆಯಲ್ಲಿ ನಿಮ್ಮಪ್ಪ ಮಾಡೋ ಉಪ್ಪುಪ್ಪು ಸಾರಿನ ಕಥೆ ಎಲ್ಲ ಹೇಳ್ತಿದ್ದೆ. ನನ್ನೆಜಮಾನ್ರು ಹೋದ ಮೇಲೆ ನನ್ನ ಕೈಯನ್ನ ಅಷ್ಟು ಹೊತ್ತು ಯಾರೂ ಹಿಡಿದವರಿಲ್ಲ ಮಗಾ. ನಿನ್ನ ಬೆರಳು ನನ್ನ ಬೆರಳ ಮೇಲಿರೋದು ಕಣ್ಣಿಗೆ ಕಾಣ್ತಿತ್ತು, ಕೈಗೆ ತಿಳೀತಿರಲಿಲ್ಲ. ಒಂದು ದಿನವಾದರೂ, 'ನಯನಾ, ನೀನು ಹಿಡ್ಕೊಂಡಿರೋದು ನಂಗೆ ಗೊತ್ತಾಗಾಕಿಲ್ಲ' ಅಂತ ಒಂದೇ ಒಂದು ಮಾತು ಆಡಿದ್ದಿದ್ದರೆ ಇಬ್ಬರೂ ಉಳ್ಕೊಳ್ತಿದ್ದೆವು.

ಯುಗಾದಿ ಹತ್ರ ಬರೋ ಹೊತ್ತಿಗೆ ಹೆಬ್ಬೆರಳು ಉಂಗುರದ ಬೆರಳಿಗೆ ತಾಕ್ತಿತ್ತು. ಮುಷ್ಟಿ ಮುಕ್ಕಾಲು ಕಟ್ಟಿತ್ತು. 'ಇನ್ನೊಂದು ತಿಂಗಳು ಅಮ್ಮ, ಪೂರ್ತಿ ಸರಿ ಹೋಗುತ್ತೆ' ಅಂದೆ ನೀನು. ನನಗೆ ಇದ್ದದ್ದು ಇನ್ನು ಮೂರು ದಿನ.

ಆ ಶುಕ್ರವಾರ ಮೇಣದ ಮಿಷನ್ನು ಕೆಟ್ಟಿತ್ತು. ನೀನು ಸ್ಟೀಲ್ ತೊಟ್ಟಿಯ ಬಿಸಿನೀರಿನಿಂದ ದಿಂಬಿನಂಥ ಹಾಟ್ ಪ್ಯಾಕು ಇಕ್ಕಳದಲ್ಲಿ ಎತ್ತಿದೆ. ನೀರು ಸೋರ್ತಿತ್ತು, ಹೊಗೆ ಏಳ್ತಿತ್ತು. 'ಇದು ಮೇಣಕ್ಕಿಂತ ತುಂಬ ಬಿಸಿ ಅಮ್ಮ, ಅದಕ್ಕೇ ಟವೆಲ್ ಸುತ್ತೋದು, ತೆಗೀಬೇಡಿ' ಅಂತ ಬಾಯಿಬಿಟ್ಟು ಹೇಳಿದೆ. ಎರಡು ಟವೆಲ್ ಮಡಚಿ ಮಡಚಿ ಸುತ್ತಿದೆ, ನಾನು ಎಣಿಸಿದೆ, ಎಂಟು ಪದರ. ನನ್ನ ಕೈ ಮೇಲಿಟ್ಟು, ಹೊತ್ತು ಮುಗಿದಾಗ ಹೊಡೆಯೋ ಗಂಟೆ ತಿರುಗಿಸಿ, ಪರದೆ ಎಳೆದು, ಆ ಕಡೆ ಲಕ್ವ ಹೊಡೆದ ತಾತನನ್ನ ನಡೆಸೋಕೆ ಹೋದೆ. ನಾನು ಕೂತು ಕಾದೆ. ಏನೂ ತಿಳೀಲಿಲ್ಲ. ಬಿಸಿಯೇ ಇಲ್ಲ ಅನ್ನಿಸ್ತು. ಎಂಟು ಪದರ ಬಟ್ಟೆ ಸುತ್ತಿದರೆ ಔಷಧಿ ಹ್ಯಾಗೆ ಕೈಗೆ ಇಳಿಯುತ್ತೆ, ಈ ಹುಡುಗಿಗೆ ಹೆದರಿಕೆ ಜಾಸ್ತಿ ಅಂದ್ಕೊಂಡೆ. ಎಡಗೈಯಲ್ಲಿ ಒಂದು ಟವೆಲ್ ಬಿಡಿಸಿದೆ. ಮತ್ತೂ ತಿಳೀಲಿಲ್ಲ. ಇನ್ನೊಂದನ್ನೂ ಬಿಡಿಸಿ ದಿಂಬಿನ ಕೆಳಗೆ ತುರುಕಿದೆ. ಬರೀ ಪ್ಯಾಕನ್ನ ಕೈಮೇಲೆ ಹಾಕ್ಕೊಂಡು, ಚೆನ್ನಾಗಿ ಕೂರಲಿ ಅಂತ ಮೇಲಿಂದ ಅದುಮಿ ಹಿಡಿದೆ.

ಐದು ನಿಮಿಷಕ್ಕೆ ಪರದೆಯ ಆ ಕಡೆಯಿಂದ ಕೇಳಿದೆ, 'ಅಮ್ಮ, ಹೇಗಿದೆ? ಬಿಸಿ ಜಾಸ್ತಿ ಆಗ್ತಿಲ್ಲ ತಾನೆ?' ತಾತನ ಸೊಂಟದ ಬೆಲ್ಟು ನಿನ್ನ ಕೈಲಿತ್ತು, ಬಿಟ್ಟು ಬಂದರೆ ಅವನು ಬೀಳ್ತಿದ್ದ. 'ಚೆನ್ನಾಗೈತೆ ಮಗಾ' ಅಂದೆ. ಹತ್ತು ನಿಮಿಷಕ್ಕೆ ಮತ್ತೆ ಕೇಳಿದೆ. ಮತ್ತೆ ಅದನ್ನೇ ಅಂದೆ. ಗಂಟೆ ಹೊಡೆಯೋಕೆ ಮುಂಚೆ ನೀನು ಬೈದೀಯ ಅಂತ ಟವೆಲ್ಲನ್ನ ಮೊದಲಿದ್ದ ಹಾಗೇ ಸುತ್ತಿಟ್ಟೆ. ನೀನು ಬಂದು ತೆಗೆದು ನೋಡಿ ಮುಖ ಸಣ್ಣ ಮಾಡ್ಕೊಂಡೆ. 'ಇದೇನು ಇಷ್ಟು ಕೆಂಪಾಗಿದೆ?' ಅಂದೆ. 'ನಮ್ ಕೈ ಯಾವಾಗ್ಲೂ ಹಂಗೇಯ' ಅಂದೆ. ನೀನು ನಂಬದೆ ತಣ್ಣೀರು ಹಾಕಿಸಿದೆ, ನಂಬರ್ ಬರೆದುಕೊಟ್ಟೆ, 'ಬೊಬ್ಬೆ ಎದ್ದರೆ ಎಷ್ಟು ಹೊತ್ತಾದರೂ ಸರಿ, ಫೋನ್ ಮಾಡಿ' ಅಂದೆ.

ಸಂಜೆಗೇ ಬೊಬ್ಬೆ ಎದ್ದಿತ್ತು. ನಾನು ಫೋನ್ ಮಾಡಲಿಲ್ಲ. ಶನಿವಾರ ನೀನೇ ಮೂರು ಸಲ ಮಾಡಿದೆ. ಮೂರು ಸಲವೂ ಫೋನು ಕುಣಿಯೋದನ್ನ ನೋಡ್ತಾ ಕೂತಿದ್ದೆ. ಎತ್ತಿದ್ದರೆ ನೀನು ಬಾ ಅಂತಿದ್ದೆ, ನೋಡ್ತಿದ್ದೆ, ಸೋಮವಾರ ಕೆಲಸಕ್ಕೆ ಹೋಗಬೇಡಿ ಅಂತಿದ್ದೆ.

ಸೋಮವಾರ ಬೆಳಿಗ್ಗೆ ಶೆಡ್ಡಿಗೆ ಹೋಗಿ ನನ್ನ ಬೇಸಿನ್ನಿನ ಮುಂದೆ ಕೂತೆ. ನಮ್ಮ ಶೆಡ್ಡಿನಲ್ಲಿ ಒಂದು ನಂಬಿಕೆ ಇದೆ, ಗೂಡು ಬೇಯಿಸಿದ ನೀರಿನಲ್ಲಿ ಕೈಯಿಟ್ಟರೆ ಸುಟ್ಟ ಗಾಯ ಮಾಯುತ್ತೆ ಅಂತ. ಸತ್ತ ಹುಳ ತೇಲೋ ಆ ನೀರಿಗೆ, ಬೊಬ್ಬೆ ಒಡೆದ ಕೈಯನ್ನ ಔಷಧಿಗೆ ಅದ್ದಿದ ಹಾಗೆ ಅದ್ದಿದೆ. ಬೆರಳು ಸರಿಯಾಗಿ ಮಡಚದಿದ್ದರೂ ಎಳೆ ಸಿಕ್ತು. ಸುಳ್ಳು ಹೇಳಲ್ಲ, ಆವತ್ತು ನನ್ನಷ್ಟು ಸುಖವಾಗಿದ್ದವಳು ಇಡೀ ಕನಕಪುರದಲ್ಲಿ ಇರಲಿಲ್ಲ. ಆ ಸುಖ ಇದ್ದದ್ದು ಒಂದೂವರೆ ದಿನ. ಮಂಗಳವಾರ ಮಧ್ಯಾಹ್ನ ಚಳಿಜ್ವರ ಬಂತು. ಬುಧವಾರ ಬೆರಳು ಕಪ್ಪಾಗಿ ವಾಸನೆ ಬಂತು. ನನ್ನ ತಮ್ಮ ದೇವರಾಜು ಕಾರು ಮಾಡ್ಕೊಂಡು ಬೆಂಗಳೂರಿಗೆ ಹೊತ್ತೊಯ್ದ. ಅಲ್ಲಿ ನೋಡಿದರೆ ಸಕ್ಕರೆ ಕಾಯಿಲೆಯೂ ಇದೆಯಂತೆ, ಯಾವಾಗಿಂದಲೋ ಏನೋ. ತೋರುಬೆರಳು, ನಡುಬೆರಳು ಎರಡನ್ನೂ ಬುಡದವರೆಗೆ ತೆಗೆದರು. ಹೆಬ್ಬೆರಳು ಇದೆ, ಸುಮ್ಮನೆ ಇದೆ.

ಅಲ್ಲಿನ ಡಾಕ್ಟ್ರು ಹ್ಯಾಗಾಯ್ತು ಅಂತ ಕೇಳಿದಾಗ, 'ಫಿಸಿಯೋದಲ್ಲಿ ಬಿಸಿ ಇಟ್ಟಿದ್ರು' ಅಂದೆ. ಅದು ನಿಜವೇ. ಅಷ್ಟು ನಿಜ ಹೇಳಿ ಮಿಕ್ಕಿದ್ದನ್ನ ನುಂಗಿಕೊಂಡೆ. ದೇವರಾಜುಗೆ ಅಷ್ಟು ಸಾಕಾಯ್ತು. ಅವನ ಸಿಟ್ಟು ನಿನಗೆ ಗೊತ್ತಲ್ಲ, ನೋಡಿದೆಯಲ್ಲ. ಆಸ್ಪತ್ರೆಯಿಂದ ಬಿಟ್ಟ ಮೂರನೇ ದಿನವೇ, ಕೈಯ ಕಟ್ಟು ಬಿಚ್ಚೋಕೆ ಮುಂಚೆಯೇ, ಇಪ್ಪತ್ತು ಜನ ಕಟ್ಕೊಂಡು ನನ್ನನ್ನೂ ಮುಂದಿಟ್ಕೊಂಡು ನಿಮ್ಮ ಕ್ಲಿನಿಕ್ಕಿಗೆ ಬಂದ. ನಾಲ್ಕು ಜನ ಫೋನು ಹಿಡಿದು ವಿಡಿಯೋ ಮಾಡ್ತಿದ್ದರು. ನಿಮ್ಮ ಡಾಕ್ಟ್ರು ಕೈ ತೊಳ್ಕೊಂಡುಬಿಟ್ಟರು. 'ನಾನು ಆವತ್ತು ಇರಲಿಲ್ಲ, ಎಲ್ಲ ಈ ಹುಡುಗೀನೇ ನೋಡ್ಕೊಂಡಿದ್ದು' ಅಂದರು. ನೀನು ರಿಜಿಸ್ಟರು ತಂದು, 'ನಾನು ಪರೀಕ್ಷೆ ಮಾಡಿದ್ದೀನಿ ಸಾರ್, ಇಲ್ಲಿ ಬರೆದಿದ್ದೀನಿ' ಅಂದೆ. ಡಾಕ್ಟ್ರು ಅದನ್ನ ಕಿತ್ಕೊಂಡು, 'ಈಯಮ್ಮನ ಬೆರಳಿಗೆ ಸ್ಪರ್ಶವೇ ಇರಲಿಲ್ಲ ಅಂತ ಆಸ್ಪತ್ರೆಯವರು ಬರ್ಕೊಟ್ಟಿದ್ದಾರೆ. ಪರೀಕ್ಷೆ ಮಾಡಿದ್ದರೆ ಹತ್ತಕ್ಕೆ ಹತ್ತು ಹ್ಯಾಗೆ ಬಂತು? ಸುಳ್ಳು ಬರೆದಿದ್ದೀಯ' ಅಂದರು. ನೀನು ನನ್ನ ಕಡೆ ತಿರುಗಿದೆ. ಇಪ್ಪತ್ತು ಜನರನ್ನೂ ಬಿಟ್ಟು ನನ್ನೊಬ್ಬಳನ್ನೇ ಕೇಳಿದೆ.

'ಅಮ್ಮ, ನೀವೇ ಹೇಳಿ. ನಾನು ಟವೆಲ್ ಸುತ್ತಿದ್ನೋ ಇಲ್ವೋ?'

'ನಂಗೆ ನೆಪ್ಪಿಲ್ಲ' ಅಂದೆ.

ಯಾಕಂದೆ ಅಂತ ನನ್ನನ್ನ ನಾನೇ ಸಾವಿರ ಸಲ ಕೇಳ್ಕೊಂಡಿದ್ದೀನಿ. ದೇವರಾಜು ಆಸ್ಪತ್ರೆಯಲ್ಲಿ ಚಿಕ್ಕ ಮಗುವಿನ ಹಾಗೆ ಅತ್ತಿದ್ದ, ಅಷ್ಟು ಜನರ ಮುಂದೆ ಅವನ ಮುಖಕ್ಕೆ ಮಸಿ ಬಳಿಯೋಕೆ ಆಗಲಿಲ್ಲ ಅಂತ ಒಂದು ದಿನ ಹೇಳ್ಕೊಳ್ತೀನಿ. ಫೋನು ಹಿಡಿದಿದ್ದರಲ್ಲ, ಗಾಬರಿಯಾಯ್ತು ಅಂತ ಇನ್ನೊಂದು ದಿನ. ಎಲ್ಲ ಸಬೂಬು. ನಿಜ ಏನಂದರೆ, ಇದು ಇನ್ಯಾರದ್ದೋ ತಪ್ಪಾಗಿದ್ದರೆ ನಾನು ಪಾಪದವಳು. ನನ್ನದೇ ತಪ್ಪಾದರೆ, ಈ ಕೈಯನ್ನ ನಾನೇ ತಿಂದ ಹಾಗೆ. ಬೆರಳು ಕಳ್ಕೊಂಡು ಹತ್ತು ದಿನವಾಗಿತ್ತು, ಅದನ್ನ ಹೊರೋ ಶಕ್ತಿ ನನ್ನಲ್ಲಿ ಇರಲಿಲ್ಲ. ನಿನ್ನ ತಲೆ ಮೇಲೆ ಇಳಿಸಿಬಿಟ್ಟೆ. ನೀನು ಇಪ್ಪತ್ತಮೂರು ವರ್ಷದ ಹುಡುಗಿ.

ಆ ವಿಡಿಯೋ ಹೋಗದ ಫೋನಿಲ್ಲ. ಚನ್ನಪಟ್ಟಣದಲ್ಲಿರೋ ನಮ್ಮ ನೆಂಟರು ಅದನ್ನ ನನಗೇ ಕಳಿಸಿ, 'ಅಯ್ಯೋ ಪಾಪ ನಿನ್ ಕೈ, ಆ ಹುಡ್ಗೀಗೆ ಒಳ್ಳೇದಾಗಲ್ಲ' ಅಂತ ಬರೆದಿದ್ದರು. ಕೆಳಗೆ ಜನ ಏನೇನು ಬರೆದಿದ್ದರು ಅಂತ ನೀನೂ ಓದಿರ್ತೀಯ, ಅದನ್ನ ಇಲ್ಲಿ ಬರೆಯಲ್ಲ. ಕ್ಲಿನಿಕ್ಕಿನವರು ನಿನ್ನನ್ನ ಅವತ್ತೇ ಕಳಿಸಿದರು. ರಾಮನಗರದಲ್ಲಿ ಬೇರೆ ಕಡೆ ಕೆಲಸ ಕೇಳೋಕೆ ಹೋದರೆ ಮುಖ ನೋಡಿಯೇ ಗುರುತು ಹಿಡಿದು ವಾಪಸ್ ಕಳಿಸಿದರಂತೆ. ಇದೆಲ್ಲ ನನ್ನ ಕಿವಿಗೆ ಬೀಳ್ತಿತ್ತು. ನಾನು ಊಟ ಮಾಡ್ತಿದ್ದೆ, ಮಲಗ್ತಿದ್ದೆ, ಯಾರಾದರೂ ಬಂದು ಕೈ ನೋಡಿ ಲೊಚಗುಟ್ಟಿದರೆ ಸುಮ್ಮನೆ ತೋರಿಸ್ತಿದ್ದೆ.

ಕಾರ್ತಿಕದಲ್ಲಿ ಇನ್ನು ತಡೆಯೋಕಾಗದೆ ಕಬ್ಬಾಳಿಗೆ ಹೋದೆ. ಕಬ್ಬಾಳಮ್ಮನ ಮುಂದೆ ನಿಂತು ಎಲ್ಲ ಹೇಳಿದೆ. ಅವಳು ಏನಂತಾಳೆ, ಕೇಳಿಸ್ಕೊಂಡಳು. ಅವಳಿಗೆ ಹೇಳೋದು ಕಷ್ಟವೇ ಅಲ್ಲ, ಅವಳಿಗೆ ಮೊದಲೇ ಗೊತ್ತಲ್ಲ. ಹೇಳಬೇಕಾದ್ದು ನಿನಗೆ. ಮಾರನೇ ದಿನ ಬೆಳಿಗ್ಗೆಯೇ ಕೋಡಿಹಳ್ಳಿ ಬಸ್ ಹತ್ತಿದೆ. ದಾರಿಯುದ್ದಕ್ಕೂ, 'ತೆಗೆದೋಳು ನಾನೇ ಮಗಾ' ಅನ್ನೋ ಮಾತನ್ನ ಬಾಯಿಪಾಠ ಮಾಡ್ಕೊಂಡೆ.

ನಿಮ್ಮಪ್ಪ ಹಸುವಿಗೆ ಹುಲ್ಲು ಹಾಕ್ತಿದ್ದರು. ನನ್ನ ಕೈ ನೋಡಿ ಗುರುತು ಹಿಡಿದರು. ಬೈತಾರೆ, ಅಟ್ಟುತ್ತಾರೆ ಅಂದ್ಕೊಂಡಿದ್ದೆ, ಹಾಗೆ ಮಾಡಿದ್ದರೆ ನನಗೆ ಬಾಯಿ ಬರ್ತಿತ್ತು. ಆ ಮನುಷ್ಯ ಹುಲ್ಲಿನ ಹೊರೆ ಕೆಳಗಿಟ್ಟು ನನಗೆ ಕೈ ಮುಗಿದರು. 'ಬನ್ರವ್ವ, ಕೂತ್ಕಳಿ. ನಮ್ ಮಗೀಂದ ನಿಮ್ಗೆ ಹಿಂಗಾಯ್ತು. ನಾವು ಬರ್ಬೇಕಿತ್ತು, ಮಕ ತೋರ್ಸಾಕೆ ಆಗ್ಲಿಲ್ಲ' ಅಂದರು. ಕಾಫಿ ತಾವೇ ಕಾಸಿದರು. ನೀನು ಒಲೆ ಹತ್ರಕ್ಕೇ ಹೋಗಲ್ಲ, ಸ್ನಾನದ ನೀರಿಗೂ ಅವರೇ ಕೈಯಿಟ್ಟು ನೋಡಿ ಹೇಳಬೇಕು ಅಂತ ಮೆಲ್ಲಗೆ ಹೇಳಿದರು. ನಿನಗೆ ಉಯ್ಯಂಬಳ್ಳಿ ಕಡೆಯ ಸಂಬಂಧ ಕೂಡಿಬಂದಿದೆ, ಹುಡುಗಿ ಈ ಕೆಲಸಕ್ಕೆ ಮತ್ತೆ ಹೋಗಲ್ಲ ಅಂತ ಮಾತು ಕೊಟ್ಟ ಮೇಲೇ ಅವರು ಒಪ್ಪಿದ್ದು ಅಂದರು.

ಆಮೇಲೆ ನೀನು ಒಳಗಿನಿಂದ ಬಂದೆ. ಅರ್ಧಕ್ಕರ್ಧ ಇಳಿದುಹೋಗಿದ್ದೆ. ನಾನು ಬಾಯಿ ತೆರೆದೆ. ನನಗಿಂತ ಮೊದಲು ನೀನೇ ಮಾತಾಡಿಬಿಟ್ಟೆ.

'ಅಮ್ಮ, ನಾನು ದಿನಾ ನೆನಪು ಮಾಡ್ಕೊಳ್ತೀನಿ. ಟವೆಲ್ ಸುತ್ತಿದ್ದು ಕಣ್ಮುಂದೆ ಬರುತ್ತೆ. ಆದರೆ ಅದು ನಿಮಗೆ ಸುತ್ತಿದ್ದಾ, ಬೇರೆ ಯಾರಿಗೋ ಸುತ್ತಿದ್ದಾ ಗೊತ್ತಾಗಲ್ಲ. ನೀವು ಸುಳ್ಳು ಹೇಳೋರಲ್ಲ. ಸುತ್ತಿದ್ದರೆ ನಿಮಗೆ ನೆನಪಿರ್ತಿತ್ತು. ನಾನೇ ಮರೆತಿರಬೇಕು. ಪರೀಕ್ಷೇನೂ ಸರಿಯಾಗಿ ಮಾಡಿಲ್ಲ ಅನ್ಸುತ್ತೆ. ನನ್ನ ಕ್ಷಮಿಸಿಬಿಡಿ ಅಮ್ಮ.'

ಅಷ್ಟು ಹೇಳಿ ನನ್ನ ಕಾಲು ಹಿಡ್ಕೊಂಡೆ. ಆಗ ಹೇಳಬೇಕಿತ್ತು. ಬಾಯಿಪಾಠ ಮಾಡಿದ ಮಾತು ನಾಲಿಗೆ ಮೇಲೇ ಇತ್ತು. ನಿಮ್ಮಪ್ಪ ಕಾಫಿ ಲೋಟ ಹಿಡ್ಕೊಂಡು ನಿಂತಿದ್ದರು. ನಾನು ಏನು ಮಾಡಿದೆ ಅಂತ ನಿನಗೆ ಗೊತ್ತು, ಆದರೆ ಅದು ಏನು ಅಂತ ನಿನಗೆ ಗೊತ್ತಿಲ್ಲ. ಈ ಮೂರು ಬೆರಳಿನ ಕೈಯನ್ನ ನಿನ್ನ ತಲೆ ಮೇಲಿಟ್ಟು, 'ಹೋಗ್ಲಿ ಬುಡು ಮಗಾ, ಆಗಿದ್ದಾಯ್ತು. ನಾನು ನಿನ್ನ ಕ್ಷಮ್ಸಿವ್ನಿ' ಅಂದೆ.

ನೀನು ಎಷ್ಟು ಅತ್ತೆ! ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬಂದ ಹಾಗೆ ಅತ್ತೆ. ನಿಮ್ಮಪ್ಪ ಗೋಡೆ ಕಡೆ ತಿರುಗಿ ಟವೆಲ್ಲಿನಲ್ಲಿ ಕಣ್ಣು ಒರೆಸ್ಕೊಂಡರು. ನನ್ನ ಮನಸ್ಸು ದೊಡ್ಡದು ಅಂತ ನೀವಿಬ್ಬರೂ ಹೇಳಿದಿರಿ. ನಾಲ್ಕು ತೆಂಗಿನಕಾಯಿ ಕಟ್ಟಿಕೊಟ್ಟು, ಬಸ್ ಸ್ಟ್ಯಾಂಡಿನವರೆಗೂ ಬಂದು ಸೀಟು ಹಿಡಿದು ಕೂರಿಸಿದರು ನಿಮ್ಮಪ್ಪ. ಬಸ್ಸು ಕನಕಪುರ ಮುಟ್ಟೋವರೆಗೂ ಆ ಕಾಯಿಗಳನ್ನ ಮಡಿಲಲ್ಲಿಟ್ಕೊಂಡು ಕೂತಿದ್ದೆ. ಮೊದಲು ನಾನು ನಿನ್ನ ಕೆಲಸ ಕಿತ್ಕೊಂಡೆ, ಹೆಸರು ಕಿತ್ಕೊಂಡೆ. ಆವತ್ತು ಹೋಗಿ, ನಿನ್ನ ನೆನಪನ್ನೂ ಕಿತ್ಕೊಂಡು ಬಂದೆ. ನೀನು ಮಾಡಿದ್ದು ಸರಿ ಅಂತ ನಿನ್ನೊಳಗೆ ಹೇಳ್ತಿದ್ದದ್ದು ಅದೊಂದೇ ಇತ್ತು.

ಆವತ್ತೇ ದೇವರಾಜುಗೆ ಎಲ್ಲ ಹೇಳಿದೆ. ಅವನು ಎದ್ದು ಹೋಗಿ ಬಾಗಿಲು ಹಾಕಿ ಬಂದ. ಆಮೇಲೆ, 'ಈಗ ಹೇಳಿ ಏನಕ್ಕ ಪ್ರಯೋಜ್ನ? ಇಡೀ ಜಿಲ್ಲೆ ನೋಡಾಯ್ತು. ಆ ಹುಡ್ಗಿ ಮದ್ವೆ ಆಯ್ತಾಳೆ, ಮರೀತಾಳೆ. ನೀನು ಬಾಯ್ ಮುಚ್ಕೊಂಡಿರು' ಅಂದ. ಅವನು ಹೇಳೋದರಲ್ಲಿ ಸುಳ್ಳಿಲ್ಲ. ಆದರೂ ಈ ಕಾಗದದ ಜೆರಾಕ್ಸ್ ಮಾಡಿಸಿ ಒಂದನ್ನ ನಿಮ್ಮ ಡಾಕ್ಟ್ರಿಗೆ, ಒಂದನ್ನ ನಿಮ್ಮಪ್ಪನಿಗೆ ಕಳಿಸ್ತಿದ್ದೀನಿ. ದೇವರಾಜು ನನ್ನ ಜೊತೆ ಮಾತು ಬಿಡ್ತಾನೆ, ಬಿಡಲಿ. ಆದರೆ ವಿಡಿಯೋ ನೋಡಿದವರ ಮನೆ ಮನೆಗೆ ಹೋಗಿ ಕಾಗದ ಓದಿ ಹೇಳೋಕೆ ಆಗುತ್ತಾ? ನೀನು ಮತ್ತೆ ಯಾರದ್ದಾದರೂ ಕೈಯನ್ನ ಹೆದರದೆ ಹಿಡೀತೀಯಾ? ನನಗೆ ನಂಬಿಕೆ ಇಲ್ಲ ಮಗಾ. ಇದರಿಂದ ಏನೋ ಸರಿ ಹೋಗುತ್ತೆ ಅಂತ ನಾನು ಬರೀತಿಲ್ಲ. ಸರಿ ಹೋಗೋದು ಏನೂ ಉಳಿದಿಲ್ಲ ಅಂತ ಗೊತ್ತಿದ್ದೇ ಬರೀತಿದ್ದೀನಿ.

ಒಂದೇ ಒಂದು ಕೆಲಸ ನನ್ನ ಕೈಲಿ ಇದೆ. ಆವತ್ತು ನಿಮ್ಮ ಮನೆಯಲ್ಲಿ ನಿನ್ನನ್ನ ಕ್ಷಮಿಸಿದೀನಿ ಅಂದೆನಲ್ಲ, ಅದನ್ನ ವಾಪಸ್ ತಗೊಳ್ತಿದ್ದೀನಿ. ಮಾಡದ ತಪ್ಪಿನ ಕ್ಷಮೆಯನ್ನ ನೀನು ಇಟ್ಕೊಂಡಿರಬೇಡ. ಅದನ್ನ ಕೊಡೋ ಹಕ್ಕು ನನಗಿರಲಿಲ್ಲ, ತಗೊಳ್ಳೋ ಗ್ರಹಚಾರ ನಿನಗಿರಲಿಲ್ಲ. ಇದರ ಬದಲಿಗೆ ನೀನು ನನ್ನನ್ನ ಕ್ಷಮಿಸು ಅಂತ ಕೇಳಲ್ಲ. ಕೇಳಿದರೆ ನೀನು ಕ್ಷಮಿಸಿಬಿಡ್ತೀಯ, ನಿನ್ನ ಗುಣ ನನಗೆ ಗೊತ್ತು. ಕ್ಷಮಿಸಬೇಡ. ಸಿಟ್ಟು ಮಾಡ್ಕೋ. ನನ್ನ ಹೆಸರು ಹಿಡಿದು ಬಾಯಿಗೆ ಬಂದದ್ದೆಲ್ಲ ಬೈಯಿ. ನೀನು ಬೈದರೆ, ನೀನು ಮರೆತಿರಲಿಲ್ಲ ಅಂತ ನಿನಗೆ ಗೊತ್ತಾಗಿದೆ ಅಂತ ಅರ್ಥ.

ಹೋಗಿ ಬರ್ತೀನಿ ಅಂತ ಬರೆಯಲ್ಲ, ನಿಮ್ಮ ಹೊಸಿಲು ಇನ್ನು ತುಳಿಯೋಳಲ್ಲ. ಹಿರಿಯವಳಾಗಿ ಆಶೀರ್ವಾದ ಅಂತ ಬರೆಯೋಕೂ ಕೈ ಬರ್ತಿಲ್ಲ. ಕಬ್ಬಾಳಮ್ಮ ನೋಡಿದ್ದಾಳೆ, ನೀನು ಸುತ್ತಿದ್ದೆ. ಚೆನ್ನಾಗಿರು ಮಗಾ.

ಮುನಿರತ್ನಮ್ಮ
ಕನಕಪುರ